ಆ ಗಡ್ಡದ ಹಿಂದೆ ಯಾರು?

ನಾನು ಒಂದು ಕಾಲದಲ್ಲಿ ರಾಜನಾಗಿದ್ದೆ. ಹೀಗೆಂದು ಸಿಕ್ಕಸಿಕ್ಕವರಿಗೆಲ್ಲ ಜೀವಮಾನವಿಡೀ ಹೇಳಿಕೊಂಡು ಬಂದಿದ್ದೇನೆ. ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಿದೆ, ಮಕ್ಕಳಿಗೆ ಊಟ ಮಾಡಿಸುವಾಗ ಹೇಳಿದೆ, ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟು ನಿಂತಾಗ ಜೊತೆಗೆ ಸಿಕ್ಕಿಕೊಂಡಿದ್ದ ಪ್ರೊಫೆಸರರಿಗೂ ಹೇಳಿದೆ. ಹೈಸ್ಕೂಲಿನ ನಾಟಕ, ನಾನೇ ರಾಜ, ಎದೆಯವರೆಗೆ ಗಡ್ಡ. ಯಾರೂ ಆಧಾರ ಕೇಳಿರಲಿಲ್ಲ. ಈಗ ಎಂಬತ್ತು ದಾಟಿದ ಮೇಲೆ ಕೇಳದೆಯೇ ಆಧಾರ ಸಿಕ್ಕಿದೆ. ಅದು ಸಿಕ್ಕಿದ ದಿನದಿಂದ ನಾನು ರಾಜನಾಗಿದ್ದೆನೋ ಇಲ್ಲವೋ ಎಂಬುದೇ ನನಗೆ ತಿಳಿಯದಾಗಿದೆ.

ಆಧಾರವೆಂದರೆ ಒಂದು ಫೋಟೊ. ಹೈದರಾಬಾದಿನಲ್ಲಿ ನಾನು ಓದಿದ ಹುಡುಗಿಯರ ಕನ್ನಡ ಹೈಸ್ಕೂಲು ಈ ವರ್ಷ ದೊಡ್ಡ ಸಮಾರಂಭ ಇಟ್ಟುಕೊಂಡಿದೆ, ಅದಕ್ಕೊಂದು ಸ್ಮರಣ ಸಂಚಿಕೆ. ಸಂಚಿಕೆಯ ಹೊಣೆ ಹೊತ್ತಿರುವ ಶಶಿಕಲಾ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳಾದ್ದರಿಂದ ಯಾವುದನ್ನೂ ಸಹಿಯಿಲ್ಲದೆ ನಂಬುವವಳಲ್ಲ. ಶಾಲೆಯ ಬೀರುವಿನಲ್ಲಿ ಸಿಕ್ಕ ಫೋಟೊವನ್ನು ನನ್ನ ಮೊಬೈಲಿಗೆ ಕಳಿಸಿ ಹಿಂದೆಯೇ ಫೋನು ಮಾಡಿದಳು.

"ಇಂದಿರಕ್ಕಾರ, ಹಳೇ ನಾಟಕದ ಫೋಟೊ ಐತ್ರಿ. ಹಿಂದ ಹೆಸರು ಬರದಿಲ್ಲ. ನಡುವ ನಿಂತ ರಾಜ ಯಾರ್ರಿ?"

"ಇನ್ಯಾರವಾ, ನಾನ," ಎಂದೆ.

"ಕಲಬುರ್ಗಿ ವನಮಾಲಕ್ಕಾರೂ ಹಂಗ ಅಂದ್ರು," ಎಂದಳು. "ಸೋಮವಾರ ಪ್ರೆಸ್ಸಿಗೆ ಕೊಡಬೇಕ್ರಿ. ಒಂದು ಗಡ್ಡದಾಗ ಇಬ್ಬರು ಇರಾಕ ಬರೂದಿಲ್ಲ. ನೀವ ಇಬ್ಬರೂ ಮಾತಾಡಿ ಒಂದು ಹೆಸರು ಹೇಳ್ರಿ."

ವನಮಾಲಾ ಎಂದರೆ ನನ್ನ ಬೆಂಚಿನ ಗೆಳತಿ. ಒಂಬತ್ತನೆಯ ತರಗತಿಯ ನಡುವೆ ಊರು ಬಿಟ್ಟು ಕಲಬುರ್ಗಿಗೆ ಹೋದವಳು ಅಲ್ಲೇ ಮದುವೆಯಾಗಿ, ಅಲ್ಲೇ ಅಜ್ಜಿಯೂ ಮುತ್ತಜ್ಜಿಯೂ ಆದಳು. ಮೊದಲು ಕಾರ್ಡು, ಆಮೇಲೆ ಟ್ರಂಕ್ ಕಾಲ್, ಈಗ ಪ್ರತಿ ಭಾನುವಾರ ಹತ್ತು ಗಂಟೆಗೆ ಮೊಬೈಲು, ಹೀಗೆ ನಮ್ಮ ಮಾತು ಎಂದೂ ಕಡಿದಿಲ್ಲ. ನನ್ನ ವಯಸ್ಸಿನಲ್ಲಿ ನಮ್ಮನ್ನು ಏಕವಚನದಲ್ಲಿ ಕರೆಯುವವರು ಎಷ್ಟು ಜನ ಉಳಿದಿರುತ್ತಾರೆ, ನೀವೇ ಲೆಕ್ಕ ಹಾಕಿ. ನನ್ನ ಪಾಲಿಗೆ ಅವಳೊಬ್ಬಳೇ. ಅಂಥವಳು ನನ್ನ ಗಡ್ಡಕ್ಕೆ ಕೈ ಹಾಕಿದ್ದಳು.

ಫೋಟೊ ನೋಡಿ ತೀರ್ಮಾನ ಮಾಡಬಹುದಲ್ಲ ಎನ್ನುತ್ತೀರಿ. ಫೋಟೊದಲ್ಲಿ ಏಳು ಜನ ಇದ್ದಾರೆ. ನಡುವಿನ ರಾಜನ ಮುಖದಲ್ಲಿ ಕಣ್ಣು ಮತ್ತು ಮೂಗಿನ ತುದಿ ಬಿಟ್ಟರೆ ಉಳಿದದ್ದೆಲ್ಲ ಕರಿ ಉಲ್ಲನ್ನಿನ ಗಡ್ಡ. ಹಣೆಯನ್ನು ಕಿರೀಟ ನುಂಗಿದೆ. ಆ ಕಣ್ಣುಗಳನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ನನ್ನವೂ ಆಗಬಹುದು, ವನಮಾಲಳವೂ ಆಗಬಹುದು, ಹೆದರಿದ ಯಾವ ಹುಡುಗಿಯವೂ ಆಗಬಹುದು. ರಾಜನ ಎಡಗೈಯಲ್ಲಿ ಕತ್ತಿ ಇದೆ. ವನಮಾಲಾ ಎಡಚಿ. ಅಲ್ಲಿಗೆ ಮುಗಿಯಿತು ಎಂದು ನೀವು ಎದ್ದು ಹೋಗಬೇಡಿ. ನಮ್ಮೆಲ್ಲರಿಗಿಂತ ಮೊದಲು ರಾಜನ ಪಾತ್ರ ಕಲಿತವಳು ಅವಳು, ಅವಳನ್ನು ನೋಡಿ ಕಲಿತ ನಾವೆಲ್ಲ ಎಡಗೈಯಲ್ಲೇ ಕತ್ತಿ ಹಿಡಿಯುತ್ತಿದ್ದೆವು. ಒಂದೇ ಪಾತ್ರವನ್ನು ಎಲ್ಲರೂ ಏಕೆ ಕಲಿತಿರಿ ಎಂದು ಕೇಳುತ್ತೀರಾ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಶಾಲೆಯಲ್ಲಿ ಬೆಂಚುಗಳಿಗೆ ಕೊರತೆಯಿತ್ತು, ಸಂಘಗಳಿಗೆ ಇರಲಿಲ್ಲ. ಚರ್ಚಾಕೂಟ, ಹೊಲಿಗೆ ಸಂಘ, ತೋಟದ ಸಂಘ, ಕೈಬರಹದ ಪತ್ರಿಕೆಗೊಂದು ಸಂಘ, ಎಲ್ಲಕ್ಕೂ ಮೇಲೆ ನಾಟಕ ಸಂಘ. ಪ್ರತಿಯೊಂದಕ್ಕೂ ಅಧ್ಯಕ್ಷೆ, ಉಪಾಧ್ಯಕ್ಷೆ, ಕಾರ್ಯದರ್ಶಿ. ಇದ್ದ ಹುಡುಗಿಯರಲ್ಲಿ ಪದಾಧಿಕಾರಿಗಳನ್ನು ತೆಗೆದರೆ ಬರಿಯ ಸದಸ್ಯೆಯರು ಉಳಿಯುತ್ತಿದ್ದುದೇ ಅನುಮಾನ. ನಾನು ತೋಟದ ಸಂಘದ ಉಪಾಧ್ಯಕ್ಷೆ. ತೋಟವೆಂದರೆ ಒಂದು ತುಳಸಿ, ಎರಡು ಕಣಗಿಲೆ. ನೀರು ಹಾಕುವುದು ಅಧ್ಯಕ್ಷೆಯ ಹಕ್ಕು, ಅವಳಿಗೆ ಜ್ವರ ಬಂದರೆ ಮಾತ್ರ ತಂಬಿಗೆ ನನ್ನ ಕೈಗೆ. ಅವಳ ಆರೋಗ್ಯ ಬಹಳ ಚೆನ್ನಾಗಿತ್ತು. ಚರ್ಚಾಕೂಟದಲ್ಲಿ ಪೇಟೆಗಿಂತ ಹಳ್ಳಿ ಮೇಲೆಂದು ಹದಿನೈದು ನಿಮಿಷ ಗುಡುಗಿದ್ದೇನೆ. ಆಗಿನ್ನೂ ಹಳ್ಳಿಯನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ಈಗಲೂ ಹೆಚ್ಚು ಕಡಿಮೆ ಅಷ್ಟೇ.

ಆ ವರ್ಷ ಮಾತ್ರ ಪದವಿಗಳು ಮಿಠಾಯಿಯಂತೆ ಕೈಯಿಂದ ಕೈಗೆ ದಾಟತೊಡಗಿದವು. ನಮ್ಮ ಅಪ್ಪಂದಿರೆಲ್ಲ ಸರ್ಕಾರಿ ನೌಕರರು. ಹಳೆಯ ಹೈದರಾಬಾದು ರಾಜ್ಯ ಮೂರು ಪಾಲಾಗಿ, ಕನ್ನಡದ ನೌಕರರನ್ನು ಕನ್ನಡದ ಜಿಲ್ಲೆಗಳಿಗೆ ಕಳಿಸುವ ಪಟ್ಟಿಗಳು ಹೊರಡುತ್ತಿದ್ದವು. ಸಂಜೆ ಅಪ್ಪ ಆರ್ಡರು ಹಿಡಿದು ಮನೆಗೆ ಬಂದರೆ ವಾರದೊಳಗೆ ನಾಂಪಲ್ಲಿ ಸ್ಟೇಷನ್ನಿನಲ್ಲಿ ಟ್ರಂಕುಗಳ ಮೇಲೆ ಕುಳಿತಿರಬೇಕು. ತೋಟದ ಸಂಘದ ಅಧ್ಯಕ್ಷೆ ರಾಯಚೂರಿಗೆ ಹೋದಳು, ತಂಬಿಗೆ ನನಗೆ ಬಂತು. ಚರ್ಚಾಕೂಟದ ಅಧ್ಯಕ್ಷೆ ಬೀದರಿಗೆ ಹೋದಳು, ಅದೂ ನನಗೆ. ತಿಂಗಳೆರಡರಲ್ಲಿ ನಾನು ಐದು ಸಂಘಗಳ ಅಧ್ಯಕ್ಷೆ. ಅಷ್ಟು ಅಧಿಕಾರ ಆಮೇಲೆ ಗಂಡನ ಮನೆಯಲ್ಲೂ ಸಿಗಲಿಲ್ಲ.

ನಾಟಕ ಸಂಘವನ್ನು ನಡೆಸುತ್ತಿದ್ದವರು ಕೃಷ್ಣಾಬಾಯಿ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರೆಂದೇ ಕರೆಯುವುದು. ನಾಟಕ ಬರೆದವರೂ ಅವರೇ: ಒಬ್ಬ ರಾಜ, ಇಬ್ಬರು ರಾಣಿಯರು, ಮಂತ್ರಿ, ಸೇನಾಪತಿ, ಜೋಯಿಸ, ದೂತ. ಕೊನೆಯ ಅಂಕದಲ್ಲಿ ರಾಜ ಊರು ಬಿಟ್ಟು ಹೋಗುತ್ತಾನೆ. ನಾಟಕದ ರಾಜರಿಗೆ ಇದೊಂದು ಚಾಳಿ, ನೀವೂ ಗಮನಿಸಿರುತ್ತೀರಿ. ಊರಿನಲ್ಲಿ ಸುಮ್ಮನೆ ಕುಳಿತು ರಾಜ್ಯವಾಳುವ ರಾಜನಿಗೆ ಒಂದು ದೃಶ್ಯವೂ ಸಿಗುವುದಿಲ್ಲ, ಹೊರಟು ನಿಂತವನಿಗೆ ಪೂರ್ತಿ ಅಂಕ ಮೀಸಲು. ಮೂರನೆಯ ತಾಲೀಮಿಗೆ ಹಿರಿಯ ರಾಣಿ ಯಾದಗಿರಿಗೆ ಹೊರಟಳು, ಐದನೆಯದಕ್ಕೆ ಸೇನಾಪತಿ ಕೊಪ್ಪಳಕ್ಕೆ. ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟು, "ಯಾರು ಯಾವಾಗ ಹೊಂಟು ನಿಲ್ತೀರೋ ಆ ದೇವರಿಗೂ ಗೊತ್ತಿಲ್ಲ. ಇನ್ನ ಎಲ್ಲಾರೂ ಎಲ್ಲಾ ಪಾತ್ರ ಕಲೀರಿ," ಎಂದರು.

ಕಲಿತೆವು. ಸೋಮವಾರ ರಾಣಿಯಾದವಳು ಮಂಗಳವಾರ ಜೋಯಿಸ. ವೇಷವಿಲ್ಲ, ಉದ್ದಲಂಗದಲ್ಲೇ ತಾಲೀಮು, ಕತ್ತಿಯ ಬದಲು ಅಡಿಪಟ್ಟಿ. ಅದರ ಫಲವಾಗಿ ಇವತ್ತಿಗೂ ಆ ಏಳು ಜನರೂ ನನ್ನ ತಲೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ರಾಜನಿಗೂ ಮಂತ್ರಿಗೂ ನಡೆಯುವ ಜಗಳದ ಎರಡೂ ಪಕ್ಷವನ್ನು ನಾನೊಬ್ಬಳೇ ಆಡಬಲ್ಲೆ. ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಇದರಿಂದ ಬಹಳ ಅನುಕೂಲವಾಗಿದೆ.

ಇದರ ಜೊತೆಗೆ ಅಕ್ಕೋರು ಒಂದು ಪದ್ಧತಿ ಹಾಕಿದರು. ಊರು ಬಿಡುವ ಹುಡುಗಿ ತನ್ನ ಕೊನೆಯ ದಿನ ಮನೆಯಿಂದ ಪೇಢೆಯ ಡಬ್ಬಿ ತರಬೇಕು. ಕೊನೆಯ ಪಿರಿಯಡ್ಡಿನಲ್ಲಿ ಎಲ್ಲರಿಗೂ ಹಂಚಬೇಕು. ಆಮೇಲೆ ಅವಳಿಗೆ ರಾಜನ ಪೂರ್ತಿ ವೇಷ ತೊಡಿಸುವುದು: ಯಾರದೋ ಅಜ್ಜನ ಜರಿಯಂಚಿನ ಶೇರ್ವಾನಿ, ಹೊಲಿಗೆ ಸಂಘದವರು ಉಲ್ಲನ್ನಿನಲ್ಲಿ ಹೆಣೆದ ಗಡ್ಡ, ರಟ್ಟಿನ ಕಿರೀಟ, ನಾಂಪಲ್ಲಿಯ ನುಮಾಯಿಷ್ ಎಂಬ ವಸ್ತುಪ್ರದರ್ಶನದಲ್ಲಿ ಕೊಂಡ ಮರದ ಕತ್ತಿ. ಪುರಾಣಕಾಲದ ರಾಜ ಗುಂಡಿ ಹಾಕಿದ ಶೇರ್ವಾನಿಯಲ್ಲಿ ಬಂದರೆ ನಮ್ಮೂರಿನಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಆ ವೇಷದಲ್ಲಿ ಅವಳು ಮೇಜಿನ ಮೇಲೆ ನಿಂತು ರಾಜನ ಕೊನೆಯ ಮಾತನ್ನು ಹೇಳಬೇಕು. ಅದು ಹೀಗಿತ್ತು: "ಪ್ರಜೆಗಳಿರಾ, ನಾನು ಹೊರಟೆನೆಂದು ಯಾರೂ ಬಾಗಿಲು ಹಾಕಿಕೊಳ್ಳಬೇಡಿ. ಸಂತೆ ಎಂದಿನಂತೆ ನಡೆಯಲಿ, ಬಾವಿಕಟ್ಟೆಯ ಮಾತು ನಿಲ್ಲದಿರಲಿ. ನಾನಿಲ್ಲದ ಊರು ನಾನಿದ್ದ ಊರಿಗಿಂತ ಚೆನ್ನಾಗಿರಲಿ." ಹೇಳುವವಳೂ ಅಳುವಳು, ಕೇಳುವವರೂ ಅಳುವರು, ಪೇಢೆಯನ್ನು ಮಾತ್ರ ಯಾರೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಆಗಿ ನಾಟಕ ಆಡಿದ್ದು ಯಾವಾಗ ಎಂದು ನೀವು ಕೇಳಬಹುದು. ಮೊನ್ನೆ ನಾನೂ ನನ್ನನ್ನು ಅದನ್ನೇ ಕೇಳಿಕೊಂಡು ಬೆಚ್ಚಿಬಿದ್ದೆ. ನಾಟಕ ಆಡಲೇ ಇಲ್ಲ. ವಾರ್ಷಿಕೋತ್ಸವ ಬರುವ ಹೊತ್ತಿಗೆ ನಾಟಕ ಸಂಘದಲ್ಲಿ ಉಳಿದವರು ನಾಲ್ವರು, ಪಾತ್ರಗಳು ಏಳು. ಅಂದಮೇಲೆ ಈ ಫೋಟೊ ಯಾರದೋ ಬೀಳ್ಕೊಡುಗೆಯ ದಿನದ್ದು. ರಾಜನ ವೇಷದಲ್ಲಿ ಇರುವವಳು ಊರು ಬಿಟ್ಟವಳು. ನಾನು ಈ ಊರು ಬಿಟ್ಟವಳೇ ಅಲ್ಲ. ನಮ್ಮ ಅಪ್ಪನ ಹೆಸರು ಯಾವ ಪಟ್ಟಿಯಲ್ಲಿ ಕಳೆದುಹೋಯಿತೋ, ಅವರು ಇಲ್ಲೇ ರಿಟೈರಾದರು, ನಾನು ಇಲ್ಲೇ ಮದುವೆಯಾದೆ, ಸೈದಾಬಾದಿನಿಂದ ತಾರ್ನಾಕಕ್ಕೆ ಬಂದದ್ದೇ ನನ್ನ ದೊಡ್ಡ ವಲಸೆ. ಹಾಗಿದ್ದರೆ ಶೇರ್ವಾನಿಯ ಕಾಲರು ಕುತ್ತಿಗೆಗೆ ಚುಚ್ಚಿದ್ದು, ಉಲ್ಲನ್ನಿನ ಎಳೆ ಬಾಯೊಳಗೆ ಬಂದು ಅದನ್ನು ಉಗುಳಲಾರದೆ ನುಂಗಿದ್ದು, ಇವೆಲ್ಲ ನನಗೆ ಹೇಗೆ ನೆನಪಿವೆ?

ವನಮಾಲಳಿಗೆ ಫೋನು ಮಾಡಿದೆ. ಅಂದು ಭಾನುವಾರವಲ್ಲ, ಬುಧವಾರ. ಶಶಿಕಲಾ ಅವಳಿಗೆ ಆಗಲೇ ಎಲ್ಲ ಹೇಳಿದ್ದಳು.

"ನೀ ಊರ ಬಿಟ್ಟಿಲ್ಲ ಇಂದೂ," ಎಂದಳು. "ನಿನಗ ಯಾರು ಶೇರ್ವಾನಿ ಕೊಟ್ಟಾರು? ಹೇಳು ನೋಡೋಣು."

"ಅದು ಗೊತ್ತಿಲ್ಲ. ಹಾಕ್ಕೊಂಡಿದ್ದು ಖರೇ."

"ಹೆಂಗ ಹಾಕ್ಕೊಂಡಿ? ನೆನಪ ಮಾಡ್ಕೊ. ನೆನಪಾದ ಮ್ಯಾಲ ಫೋನ್ ಮಾಡು," ಎಂದು ಇಟ್ಟುಬಿಟ್ಟಳು. ಗುರುವಾರ ಬೆಳಗಿನ ನಮಸ್ಕಾರದ ಸಂದೇಶವಿಲ್ಲ. ಶುಕ್ರವಾರವೂ ಇಲ್ಲ. ದಿನಾ ಬೆಳಗಾದರೆ ಅವಳು ಕಳಿಸುತ್ತಿದ್ದ ಹೂವಿನ ಚಿತ್ರಗಳನ್ನು ಕಂಡು ಬೇಸರಪಡುತ್ತಿದ್ದ ನಾನು ಎರಡು ದಿನ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಹೆದರಿಕೆಯಾಯಿತು. ಒಂದು ಉಲ್ಲನ್ನಿನ ಗಡ್ಡಕ್ಕಾಗಿ ಈ ವಯಸ್ಸಿನಲ್ಲಿ ಅವಳನ್ನು ಕಳೆದುಕೊಳ್ಳುತ್ತೇನೋ ಏನೋ. ಹಾಗೆಂದು ಗಡ್ಡ ಬಿಟ್ಟುಕೊಡಲು ಮನಸ್ಸೂ ಇಲ್ಲ. ನನ್ನ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ ಇದ್ದದ್ದು.

ಶನಿವಾರ ಸೊಸೆ ಸ್ವಾತಿ ಫೋಟೊ ನೋಡಲು ಕುಳಿತಳು. ತೆಲುಗು ಮನೆಯ ಹುಡುಗಿ, ನನ್ನಿಂದ ಕನ್ನಡ ಕಲಿತವಳು, ಹಾಗಾಗಿ ಅವಳ ಕನ್ನಡದಲ್ಲಿ ನನ್ನ ತಪ್ಪುಗಳೂ ಸೇರಿವೆ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ರಾಜನನ್ನು ಬಿಟ್ಟು ಪಕ್ಕಕ್ಕೆ ಸರಿಸಿದಳು.

"ಅತ್ತಮ್ಮಾ, ಈ ಅಮ್ಮಾಯಿ ಯಾರು? ಕೈಯಾಗ ಡಬ್ಬಿ ಹಿಡಕೊಂಡಾಳ."

ನಾನು ರಾಜನನ್ನೇ ನೋಡುತ್ತ ಕುಳಿತಿದ್ದರಿಂದ ಪಕ್ಕದಲ್ಲಿ ನಿಂತವಳನ್ನು ನೋಡಿರಲೇ ಇಲ್ಲ. ಎಲ್ಲರಂತೆ ಉದ್ದಲಂಗ, ಎರಡು ಜಡೆ, ಎಡಗೈಯ ಮೇಲೆ ಹಿತ್ತಾಳೆಯ ಡಬ್ಬಿ. ಮುಚ್ಚಳದ ಮೇಲೆ ನವಿಲಿನ ಹಿಡಿ. ಆ ಡಬ್ಬಿಯಿಂದ ನಾನು ಎಷ್ಟು ಅವಲಕ್ಕಿ, ಎಷ್ಟು ಕರದಂಟು ತಿಂದಿಲ್ಲ! ಅದು ವನಮಾಲಳ ಅವ್ವನ ಡಬ್ಬಿ, ಹಿಡಿದವಳು ವನಮಾಲಾ. ಪೇಢೆ ಅವಳ ಕೈಯಲ್ಲಿದೆ, ಅಂದರೆ ಆ ದಿನ ಊರು ಬಿಡುತ್ತಿದ್ದವಳು ಅವಳು. ವೇಷ ಮಾತ್ರ ಇನ್ನೊಬ್ಬಳ ಮೈಮೇಲಿದೆ.

ಗೆದ್ದೆ ಎಂದು ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಆ ಡಬ್ಬಿಯ ಮುಚ್ಚಳ ತೆಗೆದಂತೆ ಎಲ್ಲವೂ ಒಮ್ಮೆಗೇ ಹೊರಗೆ ಬಂತು, ನನಗೆ ಬೇಡವಾದದ್ದೂ ಬಂತು.

ವನಮಾಲಾ ಅಕ್ಕೋರ ಅಚ್ಚುಮೆಚ್ಚಿನ ಶಿಷ್ಯೆ. ಅವಳು ಹೊರಡುವ ದಿನವೆಂದು ಅಕ್ಕೋರು ತಮ್ಮ ಅಣ್ಣನನ್ನು ಕ್ಯಾಮೆರಾ ಸಹಿತ ಕರೆಸಿದ್ದರು. ಅಷ್ಟು ದಿನ ನಾನು ಒಬ್ಬೊಬ್ಬರನ್ನೇ ಕಳಿಸಿಕೊಡುತ್ತ ಬಂದಿದ್ದೆ. ಒಬ್ಬೊಬ್ಬರಿಗೂ ಗಡ್ಡ ಕಟ್ಟಿದ್ದು ನಾನೇ, ದಾರ ಬಿಗಿದದ್ದು ನಾನೇ, ನನಗೆ ಮಾತ್ರ ಅದು ಸಿಕ್ಕಿರಲಿಲ್ಲ. ಈಗ ಇವಳೂ ಹೋಗುತ್ತಾಳೆ. ಅಂದು ಬೆಳಿಗ್ಗೆ ಅಕ್ಕೋರ ಬಳಿ ಹೋಗಿ, "ನಮ್ಮಪ್ಪಗೂ ಆರ್ಡರ್ ಬಂದೈತ್ರೀ ಅಕ್ಕೋರ, ನಾಳಿ ನಾವೂ ಹೊಂಟೀವಿ," ಎಂದೆ. ಒಂದೇ ವೇಷಕ್ಕೆ ಇಬ್ಬರು ರಾಜರು. ಅಕ್ಕೋರು ವನಮಾಲಳ ಮುಖ ನೋಡಿದರು. ಅವಳು, "ಮೊದಲು ಇಂದೂ ಹಾಕ್ಕೊಳ್ಳಲಿ," ಎಂದಳು. ನಾನು ಹಾಕಿಕೊಂಡೆ, ಮೇಜು ಹತ್ತಿದೆ, ಮಾತು ಹೇಳಿದೆ, ಫೋಟೊ ತೆಗೆದರು, ಗಂಟೆ ಹೊಡೆಯಿತು. ಅವಳ ಅಪ್ಪ ಗೇಟಿನಲ್ಲಿ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವಳು ಖಾಲಿ ಡಬ್ಬಿ ಹಿಡಿದುಕೊಂಡು ಓಡಿದಳು.

ಸೋಮವಾರ ನಾನು ಎಂದಿನಂತೆ ಶಾಲೆಗೆ ಹೋದೆ. ಆರ್ಡರು ರದ್ದಾಯಿತೆಂದು ಅಕ್ಕೋರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಪ್ಪ ನನಗೆ ಹಾಗೆ ಹೇಳಿದ್ದು ನೆನಪಿಲ್ಲ. ಆರ್ಡರು ಬಂತೆಂದು ಹೇಳಿದ್ದೂ ನೆನಪಿಲ್ಲ. ಬಂದಿತ್ತೇ? ರದ್ದಾಗಿತ್ತೇ? ಅಥವಾ ಬರಬಹುದೆಂಬ ಮಾತು ಅಡಿಗೆಮನೆಯಲ್ಲಿ ಕಿವಿಗೆ ಬಿದ್ದು ಅದನ್ನೇ ನಾನು ಆರ್ಡರು ಮಾಡಿಕೊಂಡೆನೇ? ಕೇಳೋಣವೆಂದರೆ ಅಪ್ಪ ಹೋಗಿ ನಲವತ್ತು ವರ್ಷವಾಯಿತು. ನಾನು ಸುಳ್ಳು ಹೇಳಿದೆನೋ ಇಲ್ಲವೋ ನನಗೇ ಗೊತ್ತಿಲ್ಲವೆಂದರೆ ನೀವು ನಂಬುವುದಿಲ್ಲ. ನಾನೂ ಅರ್ಧ ಮಾತ್ರ ನಂಬುತ್ತೇನೆ.

ಈಗ ನನ್ನ ಪೇಚು ನೋಡಿ. ಫೋಟೊದಲ್ಲಿರುವ ರಾಜ ನಾನೇ, ಸಾಬೀತು ಮಾಡಬಲ್ಲೆ. ಸಾಬೀತು ಮಾಡಬೇಕಾದರೆ ಡಬ್ಬಿಯ ಕಥೆ ಹೇಳಬೇಕು. ಅದನ್ನು ಹೇಳಿದರೆ ರಾಜ ಉಳಿಯುತ್ತಾನೆ, ನಾನು ಉಳಿಯುವುದಿಲ್ಲ. ಅಷ್ಟೇ ಅಲ್ಲದೆ ವನಮಾಲಾ ಒಂದು ದಿನವೂ ಆ ವೇಷ ಹಾಕಲಿಲ್ಲವೆಂದು ಅವಳ ಮೊಮ್ಮಕ್ಕಳಿಗೆಲ್ಲ ತಿಳಿಯುತ್ತದೆ. ಅವಳಿಂದ ಒಮ್ಮೆ ತೆಗೆದುಕೊಂಡದ್ದನ್ನು ಎರಡನೆಯ ಬಾರಿಯೂ ತೆಗೆದುಕೊಂಡಂತೆ. ಚಹಾ ಆರಿ ತಣ್ಣಗಾಗುವವರೆಗೆ ಕುಳಿತು, ಶಶಿಕಲಾಳಿಗೆ ಫೋನು ಹಚ್ಚಿದೆ.

"ರಾಜ ವನಮಾಲಾ ಅಂತ ಬರಿಯವಾ. ನನಗ ತಪ್ಪಿ ನೆನಪಿತ್ತು."

ಶಶಿಕಲಾ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ಈಗಷ್ಟ ಅವರೂ ಫೋನ್ ಮಾಡಿದ್ರು. ರಾಜ ಇಂದಿರಾ ಅಂತ ಬರಿ, ನನಗ ತಪ್ಪಿ ನೆನಪಿತ್ತು ಅಂದ್ರು. ಮೊದಲ ಇಬ್ಬರೂ ನಾನು ನಾನು ಅಂದ್ರಿ, ಈಗ ಇಬ್ಬರೂ ನಾ ಅಲ್ಲ ನಾ ಅಲ್ಲ ಅಂತೀರಿ. ನಾ ಏನು ಛಾಪಿಸ್ಲಿ ಅಕ್ಕಾ? ಬರೇ ರಾಜ ಅಂತ ಬರದು ಬಿಡ್ತೀನಿ."

ಬರೆದುಬಿಡು ಎಂದೆ. ಕಲಬುರ್ಗಿಗೆ ಹಚ್ಚಿದೆ.

"ನೆನಪಾತೇನು?" ಎಂದಳು ವನಮಾಲಾ, ಹಲೋ ಕೂಡ ಇಲ್ಲ.

"ಆತು," ಎಂದೆ. "ನಿನ್ನ ಪಾಳಿ ನಾ ಕಸಗೊಂಡೆ ವನೀ. ನಮ್ಮಪ್ಪಗ ಆರ್ಡರ್ ಬಂದಿತ್ತೋ ಇಲ್ಲೋ, ಅದೂ ನನಗ ಗೊತ್ತಿಲ್ಲ."

"ನನಗ ಗೊತ್ತೈತಿ. ಬಂದಿರಲಿಲ್ಲ. ನಮ್ಮಪ್ಪ, ನಿಮ್ಮಪ್ಪ ಒಂದ ಆಫೀಸಿನಾಗ ಇದ್ದಿದ್ದು ಮರತೇನು? ಪಟ್ಟಿ ನಮ್ಮ ಮನ್ಯಾಗ ಓದಿದ್ರು. ನಿಮ್ಮಪ್ಪನ ಹೆಸರು ಅದರಾಗ ಇರಲಿಲ್ಲ."

ಗೊತ್ತಿದ್ದೂ ಏಕೆ ಸುಮ್ಮನಿದ್ದಳೆಂದು ಕೇಳಿದೆ.

"ಹೊಂಟವರಿಗೆ ಎಲ್ಲಾರೂ ಅಳ್ತಾರ, ಸ್ಟೇಷನ್ನಿಗೆ ಬರ್ತಾರ," ಎಂದಳು. "ನೀ ಎಲ್ಲಾರನ್ನೂ ಕಳಿಸಿ ಬಂದು ಖಾಲಿ ಬೆಂಚಿನ ಮ್ಯಾಲ ಕೂಡಾಕಿ. ನಾ ಹೋದ್ರ ನಿನ್ನ ಬಾಜೂ ಯಾರೂ ಇರಲಿಲ್ಲ. ಉಳಿಯಾಕಿಗೆ ಯಾರರ ಬೀಳ್ಕೊಡಿಗಿ ಮಾಡ್ತಾರೇನು? ಒಂದಿನ ಹಾಕ್ಕೊಳ್ಳಲಿ ಬಿಡು ಅಂತ ಅನಸ್ತು. ಆಮ್ಯಾಲ ಟಾಂಗಾದಾಗ ಭಾಳ ಅತ್ತೆ, ಅದು ಬ್ಯಾರೆ ಮಾತು."

"ಮತ್ತ ಈಗ ಯಾಕ ನಾನ ರಾಜ ಅಂದಿ?"

"ಮೊಮ್ಮಕ್ಕಳ ಮುಂದ ಒಮ್ಮೆ ಅಂದುಬಿಟ್ಟೆ, ವಾಪಸ್ ತಗೋಳಾಕ ಬರಲಿಲ್ಲ. ಅಷ್ಟ ಅಲ್ಲ, ನೀ ಎಂದರ ಹೇಳ್ತೀಯೇನಂತ ಇಷ್ಟು ವರ್ಷ ಹಾದಿ ನೋಡಿದೆ. ನೀ ಮರತ ಬಿಟ್ಟಿದ್ದಿ!" ಅವಳು ನಗುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ಸಿಟ್ಟೂ ಇತ್ತೆಂದು ನನ್ನ ಅನುಮಾನ. ಇರಲಿ, ಅದು ಅವಳ ಹಕ್ಕು.

ನನಗೆ ಅಳು ಬಂತು, ಮುಚ್ಚಿಡುವುದೇನು. ಸ್ವಲ್ಪ ಸಾವರಿಸಿಕೊಂಡು, "ವನೀ, ಆ ಮಾತು ಈಗ ಹೇಳು. ನಾ ಕೇಳ್ತೀನಿ," ಎಂದೆ.

"ಯಾವ ಮಾತು? ಹುಚ್ಚಿ," ಎಂದಳು. ಆಮೇಲೆ ಕುರ್ಚಿ ಜರುಗಿದ ಸದ್ದು. ಎದ್ದು ನಿಂತಳೆಂದು ಕಾಣುತ್ತದೆ. ಮಂಡಿನೋವಿನವಳು, ಮೇಜು ಹತ್ತಲಿಲ್ಲವೆಂದು ನಂಬಿದ್ದೇನೆ. ಗಂಟಲು ಸರಿಮಾಡಿಕೊಂಡು, ಅಕ್ಕೋರು ಕಲಿಸಿದ ಅದೇ ರಾಗದಲ್ಲಿ ಪ್ರಜೆಗಳಿರಾ ಎಂದು ಶುರು ಮಾಡಿದಳು. ಬಾಗಿಲು ಹಾಕಿಕೊಳ್ಳಬೇಡಿ ಎಂದಳು, ಸಂತೆ ನಡೆಯಲಿ ಎಂದಳು. ಬಾವಿಕಟ್ಟೆಯ ಹತ್ತಿರ ಬಂದು ನಿಂತುಬಿಟ್ಟಳು. ಮುಂದಿನ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಹೇಳಿಕೊಡಲಿಲ್ಲ. ಈ ಸಲ ಅವಳ ಪಾಳಿ, ಎಷ್ಟು ಹೊತ್ತಾದರೂ ಆಗಲಿ. ಆ ಕಡೆಯಿಂದ ಅವಳ ಉಸಿರು ಕೇಳುತ್ತಿತ್ತು. ಕೊನೆಗೆ ಅವಳೇ ಹುಡುಕಿಕೊಂಡು, ಊರಿಗೆ ಒಳ್ಳೆಯದು ಹಾರೈಸಿ ಮುಗಿಸಿದಳು. ಆ ಊರಿನಲ್ಲೇ ಉಳಿದಿದ್ದ ನಾನು ಮೊಬೈಲನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದೆ.

ಸದ್ದು ಕೇಳಿ ಸ್ವಾತಿ ಅಡಿಗೆಮನೆಯಿಂದ ಬಂದಳು. "ಯಾರು ಅತ್ತಮ್ಮಾ ಫೋನಿನಾಗ?"

"ರಾಜರು," ಎಂದೆ.